ಅಂತಿಗೊನೆಯನ್ನು ದಾವಣಗೆರೆಗೆ ಕರೆತರುವ ಬಗೆ

ಗ್ರೀಕ್ ನಾಟಕ ಆಡುತ್ತೇವೆ ಎಂದು ಹೊರಟ ತಂಡ ಮೊದಲು ಹುಡುಕುವುದು ಬಿಳಿ ಬೆಡ್‌ಶೀಟುಗಳನ್ನು. ಒಂದು ಹೆಗಲಿಗೆ ಅದನ್ನು ಗಂಟು ಹಾಕಿ, ತಲೆಗೆ ಥರ್ಮಾಕೋಲಿನ ಎಲೆ ಸುತ್ತಿ, "ಓ ಥೀಬ್ಸ್ ನಗರದ ಪ್ರಜೆಗಳೇ" ಎಂದು ಕೂಗಿದರೆ ಅಥೆನ್ಸು ಇಳಿದು ಬಂತು ಎಂಬ ನಂಬಿಕೆ. ಹತ್ತನೇ ನಿಮಿಷಕ್ಕೆ ಹಿಂದಿನ ಸಾಲಿನವರು ಮಂಡಕ್ಕಿ ಮಿರ್ಚಿ ಅಂಗಡಿ ಕಡೆ ನಡೆದಿರುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ರಂಗದ ಮೇಲೆ ನಡೆಯುತ್ತಿರುವುದು ತಮಗೆ ಸಂಬಂಧಪಟ್ಟದ್ದು ಎಂಬ ಸುಳಿವೇ ಅವರಿಗೆ ಸಿಕ್ಕಿಲ್ಲ.

ಹತ್ತು ಹನ್ನೆರಡು ಜನರ ಹವ್ಯಾಸಿ ತಂಡ, ನಲವತ್ತೈದು ದಿನದ ತಾಲೀಮು, ಒಂದೂವರೆ ಗಂಟೆಯ ಪ್ರದರ್ಶನ. ಇಷ್ಟನ್ನು ಲೆಕ್ಕದಲ್ಲಿಟ್ಟುಕೊಂಡು ಈ ಕೈಪಿಡಿ ಬರೆದಿದೆ. ಉದಾಹರಣೆಗೆ ಹಿಡಿದಿರುವುದು ಗ್ರೀಕ್ ನಾಟಕಕಾರ ಸೋಫೋಕ್ಲೀಸನ 'ಅಂತಿಗೊನೆ'. ರೂಪಾಂತರದ ಕೆಲಸವೆಲ್ಲ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಮೂಲದ ಗಂಟು ನಮ್ಮೂರಿನ ಯಾವ ಗಂಟಿನ ಮೇಲೆ ಸರಿಯಾಗಿ ಕೂರುತ್ತದೆ? ಹೆಸರು, ಉಡುಪು, ಹಾಡು ಎಲ್ಲ ಆಮೇಲಿನ ಮಾತು.

ಮೊದಲು, ಈ ದಾರಿಯಲ್ಲಿ ಹೋದವರು

ಗ್ರೀಕ್, ಲ್ಯಾಟಿನ್ ನಮ್ಮಲ್ಲಿಗೆ ಬಂದದ್ದು ಸಾಹೇಬರ ಜೊತೆಗೆ. ಭಾರತದ ಸಿವಿಲ್ ಸರ್ವಿಸ್‌ಗೆ 1855ರಲ್ಲಿ ಲಂಡನ್ನಿನಲ್ಲಿ ಪರೀಕ್ಷೆ ಶುರುವಾದಾಗ ಗ್ರೀಕಿಗೆ 750 ಅಂಕ, ಲ್ಯಾಟಿನ್ನಿಗೆ 750 ಅಂಕ. ಸಂಸ್ಕೃತಕ್ಕೆ ಅದರರ್ಧ, 375. ಆಳಲು ಬರುವವನಿಗೆ ಯಾವ ಸಾಹಿತ್ಯ ಎಷ್ಟು ಬೆಲೆಬಾಳುತ್ತದೆ ಎಂಬುದನ್ನು ಅಂಕಪಟ್ಟಿಯೇ ಹೇಳುತ್ತಿತ್ತು. ಆಫ್ರಿಕಾದಲ್ಲೂ ಕೆರಿಬಿಯನ್ ದ್ವೀಪಗಳಲ್ಲೂ ಶಾಲೆಗಳ ಕಥೆ ಹೆಚ್ಚುಕಡಿಮೆ ಇದೇ. ಆಳಿಸಿಕೊಂಡವರು ಆ ಪುಸ್ತಕಗಳನ್ನು ಬಿಸಾಕಲಿಲ್ಲ. ಬಿಚ್ಚಿ, ಬೇಕಾದ ಭಾಗ ತೆಗೆದುಕೊಂಡು, ತಮ್ಮ ಅಂಗಳದಲ್ಲಿ ಮತ್ತೆ ಜೋಡಿಸಿದರು. ಜೋಡಿಸುವ ರೀತಿ ಮಾತ್ರ ಒಬ್ಬೊಬ್ಬರದು ಒಂದೊಂದು.

ಕನ್ನಡದಲ್ಲಿ ಈ ಕೆಲಸಕ್ಕೆ ಮೊದಲು ಕೈಹಾಕಿದವರು ಬಿ.ಎಂ. ಶ್ರೀಕಂಠಯ್ಯ. ರನ್ನನ ಕಾವ್ಯವನ್ನು ಗ್ರೀಕ್ ರುದ್ರನಾಟಕದ ಎರಕಕ್ಕೆ ಹೊಯ್ದು 'ಗದಾಯುದ್ಧ ನಾಟಕಂ' ಕಟ್ಟಿದರು. 1929ರ 'ಅಶ್ವತ್ಥಾಮನ್'ನಲ್ಲಿ ಸೋಫೋಕ್ಲೀಸನ ಅಯಾಸನ ಕೋಪ, ನಾಚಿಕೆ, ಆತ್ಮಹತ್ಯೆಗಳನ್ನು ಮಹಾಭಾರತದ ಅಶ್ವತ್ಥಾಮನ ಮೇಲೆ ಹೊರಿಸಿದರು. ಚಿರಂಜೀವಿ ಎಂದು ಊರೆಲ್ಲ ನಂಬಿರುವವನು ರಂಗದ ಮೇಲೆ ಸಾಯುವುದೇ ಎಂದು ತಕರಾರು ಎದ್ದಿತು. ಆ ತಕರಾರಿನಲ್ಲೇ ನಮಗೊಂದು ಪಾಠವಿದೆ: ಪುರಾಣದ ಪಾತ್ರ ಆರಿಸಿಕೊಂಡರೆ ಅವನ ಕೊನೆ ಏನೆಂದು ಪ್ರೇಕ್ಷಕರಿಗೆ ಮೊದಲೇ ಗೊತ್ತು. ಅದನ್ನು ಮುರಿಯುವುದಾದರೆ ಬೇಕೆಂದೇ ಮುರಿಯಿರಿ. ಗಮನಕ್ಕೆ ಬಾರದೆ ಮುರಿದುಹೋಗಬಾರದು.

ನೈಜೀರಿಯಾದ ಓಲಾ ರೊಟಿಮಿ 'ದ ಗಾಡ್ಸ್ ಆರ್ ನಾಟ್ ಟು ಬ್ಲೇಮ್' ನಾಟಕವನ್ನು 1968ರಲ್ಲಿ ಆಡಿಸಿದ. ಗುರುತು ತಿಳಿಯದೆ ಅಪ್ಪನನ್ನೇ ಕೊಲ್ಲುವ ಸೋಫೋಕ್ಲೀಸನ ಈಡಿಪಸ್ ಅಲ್ಲಿ ಯೊರುಬಾ ನಾಡಿನ ಒಡೆವಾಲೆ. ಗಮನಿಸಬೇಕಾದ್ದು ಕೊಲೆಯ ಜಾಗ. ಮೂಲದಲ್ಲಿ ಮೂರು ದಾರಿ ಕೂಡುವಲ್ಲಿ ರಥಕ್ಕೆ ದಾರಿ ಬಿಡಲಿಲ್ಲವೆಂದು ಜಗಳ. ರೊಟಿಮಿಯಲ್ಲಿ ಜಗಳ ಗೆಣಸಿನ ಹೊಲದಲ್ಲಿ, ನೆಲದ ವಿಷಯಕ್ಕೆ. ಮುದುಕ ಒಡೆವಾಲೆಯ ಬುಡಕಟ್ಟನ್ನೂ ಅವನ ಮಾತಿನ ಧಾಟಿಯನ್ನೂ ಹೀಯಾಳಿಸಿದ ಮೇಲೆ ಕೈ ಮೀರುತ್ತದೆ. ಆಗ ನೈಜೀರಿಯಾದಲ್ಲಿ ಅಂತರ್ಯುದ್ಧ. ಜನಾಂಗದ ಹೆಸರಿನಲ್ಲಿ ಜನ ಸಾಯುತ್ತಿದ್ದ ಕಾಲ. ವಿಧಿಯ ಮೇಲಿದ್ದ ಹೊಣೆಯನ್ನು ರೊಟಿಮಿ ಎತ್ತಿ ಪ್ರೇಕ್ಷಕರ ನಾಲಿಗೆಯ ಮೇಲಿಟ್ಟ. ಇಡೀ ನಾಟಕದಲ್ಲಿ ಅವನು ಬದಲಿಸಿದ್ದು ಬಹಳವಿಲ್ಲ, ಬದಲಿಸಿದ ಆ ಒಂದು ಕಾರಣ ಉಳಿದದ್ದನ್ನೆಲ್ಲ ಹೊಸದು ಮಾಡಿತು. ಕಲಿಯುವುದಾದರೆ ಇವನಿಂದಲೇ ಹೆಚ್ಚು ಕಲಿಯಬಹುದು.

ಗಂಟು ಹುಡುಕುವುದು

ಒಂದು ಹಾಳೆಯನ್ನು ಉದ್ದಕ್ಕೆ ಮಡಿಸಿ. ಎಡಗಡೆ ಮೂಲದ ಸಂಗತಿಗಳನ್ನು ಹೆಸರುಗಳಿಲ್ಲದೆ ಬರೆಯಿರಿ. 'ಅಂತಿಗೊನೆ'ಗೆ ಐದೇ ಸಾಲು ಸಾಕು: ಅಣ್ಣತಮ್ಮ ಹೊಡೆದಾಡಿ ಇಬ್ಬರೂ ಸತ್ತರು. ಊರಿನ ಪರ ನಿಂತವನಿಗೆ ಮರ್ಯಾದೆಯ ಮಣ್ಣು, ಹೊರಗಿನವರನ್ನು ಕರೆತಂದವನಿಗೆ ಮಣ್ಣಿಲ್ಲ ಎಂದು ಸೋದರಮಾವನ ಅಪ್ಪಣೆ. ತಂಗಿ ಮಣ್ಣು ಹಾಕುತ್ತಾಳೆ. ಮಾವ ಅವಳನ್ನು ಜೀವಂತ ಹೂಳಿಸುತ್ತಾನೆ. ಮನಸ್ಸು ಬದಲಿಸಿ ಹೋಗುವಷ್ಟರಲ್ಲಿ ಅವಳು ಸತ್ತಿರುತ್ತಾಳೆ, ಅವಳ ಹಿಂದೆಯೇ ಅವಳನ್ನು ಮದುವೆಯಾಗಬೇಕಿದ್ದ ಅವನ ಮಗನೂ, ಅವನ ಹೆಂಡತಿಯೂ ಸಾಯುತ್ತಾರೆ.

ಈ ಐದು ಸಾಲನ್ನು ನಾಟಕದ ಗಂಧವಿಲ್ಲದ ಒಬ್ಬರಿಗೆ, ಚಹಾದಂಗಡಿಯಲ್ಲೋ ಹಮಾಲರ ಕಟ್ಟೆಯಲ್ಲೋ, ಹೇಳಿ ನೋಡಿ. "ಇದು ಯಾವೂರಾಗೆ ನಡೆದಿದ್ದು?" ಎಂದು ಕೇಳಿದರೆ ಗಂಟು ಕೂರುತ್ತದೆ. "ಆಮೇಲೆ?" ಎಂದಷ್ಟೇ ಕೇಳಿದರೆ ಅದಿನ್ನೂ ಬರೀ ಕಥೆ.

ಈಗ ಬಲಗಡೆ. ದಾವಣಗೆರೆ ಸೀಮೆಯಲ್ಲಿ ಅಣ್ಣತಮ್ಮಂದಿರು, ಊರೂರುಗಳು ಕೈಕೈ ಮಿಲಾಯಿಸುವಷ್ಟು ದೊಡ್ಡದು ಯಾವುದು? ಭದ್ರಾ ನಾಲೆಯ ನೀರು. ನಾಲೆಯ ತಲೆಯಲ್ಲಿರುವವರ ಗದ್ದೆ ತುಂಬಿರುತ್ತದೆ, ಕೊನೆ ಭಾಗದವರ ಭತ್ತ ಹೊಡೆ ಹೊತ್ತಿಗೆ ಒಣಗುತ್ತದೆ. ತಮ್ಮ ಜಗಳ ಮಾಡಿಕೊಂಡು ಊರು ಬಿಟ್ಟು, ಕೊನೆ ಭಾಗದ ಊರಿನವರನ್ನು ರಾತ್ರಿ ಕರೆತಂದು ತೂಬು ಒಡೆಯುತ್ತಾನೆ. ಅಣ್ಣ ಅಡ್ಡ ನಿಲ್ಲುತ್ತಾನೆ. ಬೆಳಗಾಗುವಷ್ಟರಲ್ಲಿ ಎರಡು ಹೆಣ. ಈ ಕಟ್ಟಿನಲ್ಲಿ ಕ್ರಿಯೋನನಿಗೆ, ಅಂದರೆ ಅಪ್ಪಣೆ ಕೊಟ್ಟ ಆ ಸೋದರಮಾವನಿಗೆ, ನಿಜವಾದ ಕಾರಣ ಸಿಗುತ್ತದೆ: ಊರಿನ ಬೆಳೆಗೇ ಕೈಹಾಕಿದವನಿಗೆ ಊರಿನ ಮಣ್ಣು ಯಾಕೆ? ಪ್ರೇಕ್ಷಕರಲ್ಲಿ ಅರ್ಧ ಜನ ತಲೆ ಆಡಿಸಬೇಕು. ತಲೆ ಆಡಿಸದಿದ್ದರೆ ನಿಮ್ಮ ಕ್ರಿಯೋನ್ ಬರೀ ಮೀಸೆ ತಿರುವುವ ಖಳ, ಅಂತಿಗೊನೆ ಬರೀ ಕಣ್ಣೀರಿನ ನಾಯಕಿ. ಕಂಪನಿ ನಾಟಕದ ಎರಡನೇ ದರ್ಜೆಯ ದೃಶ್ಯ ಉಳಿಯುತ್ತದೆ. (ಕಂಪನಿ ನಾಟಕದವರು ಮುನಿಸಿಕೊಳ್ಳಬಾರದು. ಮೊದಲ ದರ್ಜೆಯ ಖಳನನ್ನು ಕಟ್ಟುವುದು ಅವರಿಗೂ ಗೊತ್ತಿತ್ತು.)

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು: "ಪೊಲೀಸರು ಎಲ್ಲಿ? ಪೋಸ್ಟ್‌ಮಾರ್ಟಂ ಆಗಲಿಲ್ಲವೇ?" ಮೊಬೈಲು, ಜೀಪು ತಂದ ಕೂಡಲೇ ಈ ಪ್ರಶ್ನೆ ಏಳುತ್ತದೆ, ಉತ್ತರ ಕೊಡುತ್ತ ಕೂತರೆ ನಾಟಕ ಠಾಣೆಗೆ ಹೋಗುತ್ತದೆ. ಕಾಲವನ್ನು ಹೇಳದೆ ಬಿಡಿ. ದೈವಸ್ಥರು ಕೂಡಿದ ಕಟ್ಟೆ, ಹಲಗೆ ಬಡಿದು ಸಾರುವ ಡಂಗುರ, ಹೆಣ ಕಾಯಲು ನೀರಗಂಟಿ. ಇಷ್ಟರಲ್ಲಿ ಆಳ್ವಿಕೆ ಬಂತು. ಮೂಲದಲ್ಲಿ ಕಾವಲುಗಾರ ಹೆದರುತ್ತ, ನಗಿಸುತ್ತ, ತನ್ನ ಚರ್ಮ ಉಳಿಸಿಕೊಳ್ಳುತ್ತ ಮಾತಾಡುತ್ತಾನೆ. ಎರಡೂ ಕಡೆಯವರಿಂದ ಬೈಸಿಕೊಂಡೇ ಬದುಕುವ ನೀರಗಂಟಿಗೆ ಆ ಧಾಟಿ ತಾನಾಗಿ ಬರುತ್ತದೆ.

ಹೆಸರಿಡುವಾಗ ಒಂದು ಎಚ್ಚರ. ನಮ್ಮಲ್ಲಿ ಹೆಸರಿಗೆ ಜಾತಿ ಅಂಟಿಕೊಂಡೇ ಬರುತ್ತದೆ. ಮಾವನಿಗೆ ಒಂದು ಅಡ್ಡಹೆಸರು ಕೊಟ್ಟ ಕೂಡಲೇ ಪ್ರೇಕ್ಷಕರು ಇದು ಯಾರ ಮೇಲಿನ ನಾಟಕ ಎಂದು ತೀರ್ಮಾನಿಸಿಬಿಡುತ್ತಾರೆ. ಸ್ಮಶಾನದ ಜಾಗಕ್ಕೆ ಜಾತಿಯ ಜಗಳ ನಿಜವಾಗಿಯೂ ಇದೆ. ಅದನ್ನೇ ಹಿಡಿಯುವುದಾದರೆ ಪೂರ್ತಿ ಹಿಡಿಯಿರಿ: ಮಣ್ಣು ಸಿಗದವನು ಯಾವ ಕೇರಿಯವನು ಎಂಬುದು ಮೊದಲ ದೃಶ್ಯದಲ್ಲೇ ಗೊತ್ತಾಗಲಿ, ನಾಟಕ ಅದರ ಮೇಲೇ ನಿಲ್ಲಲಿ. ನೀರಿನ ಕಥೆಗೆ ಜಾತಿಯನ್ನು ಒಗ್ಗರಣೆಯಂತೆ ಹಾಕಬೇಡಿ, ಎರಡೂ ಕೆಡುತ್ತವೆ.

ಮಾವ ಎಂಬ ಪದ

ಕ್ರಿಯೋನ್ ಅಂತಿಗೊನೆಯ ತಾಯಿಯ ತಮ್ಮನೋ ಅಣ್ಣನೋ. ಅವನ ಮಗ ಹೈಮನ್ ಜೊತೆ ಅವಳ ಮದುವೆ ಗೊತ್ತಾಗಿದೆ. ಇಂಗ್ಲಿಷ್ ಓದುಗ ಇದನ್ನು ಅಡಿಟಿಪ್ಪಣಿ ನೋಡಿ ತಿಳಿಯಬೇಕು. ನಮ್ಮವರಿಗೆ ಟಿಪ್ಪಣಿ ಬೇಡ. ಸೋದರಮಾವನ ಮಗನಿಗೆ ಕೊಡುವುದು ಇಲ್ಲಿ ದಿನನಿತ್ಯದ ಸಂಬಂಧ. "ಮಾವ" ಎಂದು ಅವಳು ಕರೆದಾಗ ಆ ಒಂದು ಪದದೊಳಗೆ ತಾಯಿಯ ಒಡಹುಟ್ಟಿದವನೂ ಇದ್ದಾನೆ, ನಾಳೆಯ ಗಂಡನ ಅಪ್ಪನೂ ಇದ್ದಾನೆ, ಶಿಕ್ಷೆ ಕೊಡುವವನೂ ಇದ್ದಾನೆ. ತೀರ್ಪಿನ ದೃಶ್ಯದಲ್ಲಿ ಈ ಪದವನ್ನು ಮೂರು ಸಲಕ್ಕಿಂತ ಹೆಚ್ಚು ಬಳಸಬೇಡಿ. ಕೊನೆಯ ಸಲ ಅವಳು "ಮಾವ" ಬಿಟ್ಟು "ಯಜಮಾನ್ರೇ" ಎನ್ನಲಿ. ಸಭೆ ತಟ್ಟನೆ ಮೌನವಾಗುವ ಜಾಗ ಅದು.

ಇದರ ಜೊತೆಗೆ ಕನ್ನಡ ನಿಮ್ಮನ್ನು ಒಂದು ತೀರ್ಮಾನಕ್ಕೆ ದೂಡುತ್ತದೆ. ಅಂತಿಗೊನೆಯ ಒಡಹುಟ್ಟಿದ ಇಸ್ಮೆನೆ ಅಕ್ಕನೋ ತಂಗಿಯೋ? ಇಬ್ಬರು ಒಡಹುಟ್ಟಿದವರು ಬರಿಯ ಹೆಸರು ಹಿಡಿದು ಕರೆಯುವುದು ನಮ್ಮ ಕಿವಿಗೆ ಒಗ್ಗದು. ಇಸ್ಮೆನೆಯನ್ನು ತಂಗಿ ಮಾಡಿದರೆ ಅವಳ ಹೆದರಿಕೆ ಸಹಜ, ಅಂತಿಗೊನೆಯ ಬಿರುಸು ಹಿರಿತನದ್ದು. ಅಕ್ಕ ಮಾಡಿದರೆ ಅವಳ ಹಿಂಜರಿಕೆಗೆ ಮನೆ ಕಾಯುವವಳ ವಿವೇಕ ಬರುತ್ತದೆ, ಕಿರಿಯಳು ಹೆಚ್ಚು ಒಂಟಿಯಾಗುತ್ತಾಳೆ. ಎರಡೂ ನಡೆಯುತ್ತದೆ, ಆದರೆ ಮೊದಲ ದಿನವೇ ತೀರ್ಮಾನವಾಗಬೇಕು.

ಈಗ ನಾಟಕದ ಮೊದಲ ಮಾತನ್ನೇ ಹತ್ತಿರದಿಂದ ನೋಡಿ. ಗ್ರೀಕಿನಲ್ಲಿ ಅಂತಿಗೊನೆ ಇಸ್ಮೆನೆಯನ್ನು ಒಂದೇ ಗರ್ಭವನ್ನು ಒತ್ತಿ ಹೇಳುವ ಪದದಿಂದ ಕರೆಯುತ್ತಾಳೆ. ಅಪ್ಪ ಈಡಿಪಸನಿಂದ ಬಂದ ಕೇಡುಗಳಲ್ಲಿ ನಾವು ಬದುಕಿರುವಾಗಲೇ ದೇವರು ನೆರವೇರಿಸದೆ ಬಿಟ್ಟದ್ದು ಯಾವುದಾದರೂ ಇದೆಯೇ ಎಂದು ಕೇಳುತ್ತಾಳೆ. ಸಾಮಾನ್ಯವಾಗಿ ಬರುವ ಮೊದಲ ಕರಡು:

"ಓ ನನ್ನ ಪ್ರೀತಿಯ ಸಹೋದರಿಯೇ, ನಮ್ಮ ತಂದೆಯಿಂದ ಬಂದ ಕಷ್ಟಗಳಲ್ಲಿ ಯಾವುದನ್ನು ದೇವರು ನಮ್ಮ ಜೀವಿತಾವಧಿಯಲ್ಲಿ ನೆರವೇರಿಸದೆ ಉಳಿಸಿದ್ದಾನೆಂದು ನಿನಗೆ ತಿಳಿದಿದೆಯೇ?"

ಇದನ್ನು ಒಂದೇ ಉಸಿರಿಗೆ ಹೇಳಬಲ್ಲ ನಟಿ ಸಿಗುವುದಿಲ್ಲ. ಎರಡನೇ ಕರಡು ಇನ್ನೊಂದು ತುದಿಗೆ ಜಿಗಿಯುತ್ತದೆ: "ಎಲೈ ಸೋದರೀ, ಕಂಡೆಯಾ ವಿಧಿಯ ಕ್ರೂರ ವಿಲಾಸವನ್ನು!" ಚಪ್ಪಾಳೆ ಬೀಳಬಹುದು, ಗಂಟು ಮಾತ್ರ ಬಿಚ್ಚಿಹೋಯಿತು. ಮೂರನೆಯದು:

"ತಂಗೀ, ಒಂದೇ ಹೊಟ್ಟೆಗೆ ಹುಟ್ಟಿದೋರು ನಾವು. ಅಪ್ಪ ಬಿಟ್ಟುಹೋದ ಪಾಪದಾಗೆ ಇನ್ನೂ ಯಾವುದಾದ್ರೂ ಉಳಿದೈತೇನೇ, ನಮ್ಮಿಬ್ಬರ ತಲೆಮ್ಯಾಲೆ ಬೀಳ್ದಂಗೆ?"

'ಸಹೋದರಿ' ಎಂಬುದರಲ್ಲೂ ಒಂದೇ ಉದರವಿದೆ, ನಿಜ. ಆದರೆ ಸಭೆಗಳಲ್ಲಿ "ಸಹೋದರ ಸಹೋದರಿಯರೇ" ಎಂದು ಕರೆದು ಕರೆದು ಆ ಪದದೊಳಗಿನ ಹೊಟ್ಟೆ ಸವೆದುಹೋಗಿದೆ. 'ಒಂದೇ ಹೊಟ್ಟೆ' ಎಂದಾಗ ಇನ್ನೂ ಬಿಸಿ ಇದೆ. ಇಡೀ ಪಠ್ಯವನ್ನು ಹೀಗೆ ಪರೀಕ್ಷಿಸಿ: ಪ್ರತಿ ಮಾತನ್ನೂ ನಟರಿಂದ ಗಟ್ಟಿಯಾಗಿ ಓದಿಸಿ, ಎಲ್ಲಿ ಉಸಿರು ಮುರಿಯುತ್ತದೋ ಅಲ್ಲಿ ಗೆರೆ ಎಳೆಯಿರಿ, ಅಲ್ಲಿಂದ ವಾಕ್ಯ ಒಡೆಯಿರಿ. ಮೊದಲ ವಾರ ಇದೊಂದೇ ಕೆಲಸ.

ಆಡುಮಾತಿನಲ್ಲಿ ಒಂದು ಕಟ್ಟು ಇರಲಿ. ಒಬ್ಬ 'ಐತಿ' ಎಂದು, ಇನ್ನೊಬ್ಬ 'ಐತೆ' ಎಂದು, ಮೂರನೆಯವನು ಸಿನಿಮಾದಲ್ಲಿ ಕೇಳಿದ ಹುಬ್ಬಳ್ಳಿ ಮಾತು ಎಳೆದು ತಂದರೆ ಒಂದೇ ಮನೆಯವರು ಎನಿಸುವುದಿಲ್ಲ. ತಂಡದಲ್ಲಿ ಹೆಚ್ಚು ಜನರ ಮನೆಮಾತು ಯಾವುದೋ ಅದನ್ನೇ ಹಿಡಿಯಿರಿ.

ದೇವರು, ಕಣಿ, ಹಾಲಕ್ಕಿ

ಗ್ರೀಕರ ಡೆಲ್ಫಿ ಗುಡಿಯ ಕಣಿಗೆ ನಮ್ಮ ಹತ್ತಿರ ಬೆರಗಾಗುವಷ್ಟು ಸರಿಯಾದ ಜೋಡಿ ಇದೆ, ಮೈಲಾರದ ಕಾರಣಿಕ. ಗೊರವಯ್ಯ ಬಿಲ್ಲೇರಿ, ಲಕ್ಷಾಂತರ ಜನರ ಗದ್ದಲವನ್ನು "ಸದ್ದಲೇ" ಎಂದು ಅಡಗಿಸಿ, ಒಂದೇ ಸಾಲು ನುಡಿದು ಬೀಳುತ್ತಾನೆ. ಆ ಸಾಲಿಗೆ ರೈತನ ಅರ್ಥ ಒಂದು, ರಾಜಕಾರಣಿಯದು ಇನ್ನೊಂದು. 'ದೊರೆ ಈಡಿಪಸ್' ಎತ್ತಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಸಾಧನವಿಲ್ಲ.

'ಅಂತಿಗೊನೆ'ಯಲ್ಲಿ ಬರುವ ಕುರುಡ ಕಣಿಗಾರ ಟೈರೀಸಿಯಸ್‌ಗೆ ಮಾತ್ರ ಇದು ಹೊಂದದು. ಅವನು ವಾದ ಮಾಡುತ್ತಾನೆ, ಬೈಸಿಕೊಳ್ಳುತ್ತಾನೆ, ತಿರುಗಿ ಬೈಯುತ್ತಾನೆ. ಕಾರಣಿಕದವನು ವಾದಕ್ಕೆ ನಿಲ್ಲುವುದಿಲ್ಲ. ಜೊತೆಗೆ ಟೈರೀಸಿಯಸ್ ಕೆಟ್ಟ ಸುದ್ದಿ ತಿಳಿಯುವುದು ಹಕ್ಕಿಗಳ ಸದ್ದಿನಿಂದ. ಅವು ಉಗುರಿನಿಂದ ಒಂದನ್ನೊಂದು ಹರಿಯುವುದು ಅವನಿಗೆ ಕೇಳಿಸುತ್ತದೆ. ನಸುಕಿನಲ್ಲಿ ಡಮರು ಆಡಿಸುತ್ತ "ಹಾಲಕ್ಕಿ ನುಡೀತೈತೆ" ಎಂದು ಬಾಗಿಲಿಗೆ ಬರುವ ಬುಡುಬುಡಿಕೆಯವನು ಅದೇ ಜಾತಿಯ ಜ್ಞಾನಿ. ಮುದುಕ, ಕುರುಡ, ಕೈಹಿಡಿದ ಮೊಮ್ಮಗ. ಎಂದಿನಂತೆ ಒಳ್ಳೆಯದಾಗುತ್ತದೆ ಎಂದು ಶುರುಮಾಡುತ್ತಾನೆ, ಹಾಲಕ್ಕಿ ನುಡಿಯುವುದಿಲ್ಲ. ಡಮರು ನಿಲ್ಲಿಸಿ ಹತ್ತು ಎಣಿಸುವಷ್ಟು ಕಾಯಲಿ. ಹಕ್ಕಿಯ ಸದ್ದನ್ನು ಸ್ಪೀಕರಿನಲ್ಲಿ ಹಾಕಬೇಡಿ, ದೃಶ್ಯ ಸತ್ತುಹೋಗುತ್ತದೆ. ಕೇಳದಿರುವುದೇ ಇಲ್ಲಿ ಕೇಡು.

ಜೀವಂತ ಹೂಳುವ ಗುಹೆಗೆ ಹಗೇವು ಇದೆ. ಜೋಳ ತುಂಬಿಡುತ್ತಿದ್ದ ನೆಲದಡಿಯ ಗುಂಡಿ, ಮೇಲೆ ಒಬ್ಬರು ಇಳಿಯುವಷ್ಟು ಬಾಯಿ, ಅದಕ್ಕೊಂದು ಚಪ್ಪಡಿ. ಮೂಲದಲ್ಲಿ ಊರಿಗೆ ಪಾಪ ತಟ್ಟದಿರಲೆಂದು ಕ್ರಿಯೋನ್ ಸ್ವಲ್ಪ ಆಹಾರ ಇಡಿಸುತ್ತಾನೆ. ಹಗೇವಿನ ತಳದಲ್ಲಿ ಹಳೇ ಜೋಳ ಇದ್ದೇ ಇರುತ್ತದೆ. ಹಗೇವಿನ ಕೆಟ್ಟ ಗಾಳಿ ಉಸಿರು ಕಟ್ಟಿಸುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅವಳು ಅದರಿಂದಲೇ ಸಾಯಲಿ ಎಂದು ತಂಡದಲ್ಲಿ ಯಾರಾದರೂ ಹೇಳುತ್ತಾರೆ. ಒಪ್ಪಬೇಡಿ. ಮೂಲದಲ್ಲಿ ಅವಳ ಸಾವು ಅವಳದೇ ತೀರ್ಮಾನ. ಗಾಳಿ ಕೊಂದರೆ ಅದು ಅವಳ ಕೈತಪ್ಪಿ ಆಕಸ್ಮಿಕವಾಗುತ್ತದೆ, ಮಾವನ ಹೊಣೆಯೂ ಅರ್ಧ ಹಗುರವಾಗುತ್ತದೆ.

ಮೇಳ ಯಾರು?

ಗ್ರೀಕ್ ನಾಟಕದಲ್ಲಿ ದೃಶ್ಯಗಳ ನಡುವೆ ಒಟ್ಟಾಗಿ ಹಾಡುವ ಗುಂಪೇ ಮೇಳ, ಸೋಫೋಕ್ಲೀಸನ ಕಾಲಕ್ಕೆ ಅದರಲ್ಲಿ 15 ಜನ. ನಿಮಗೆ ಏಳು ಸಾಕು. ಅವರನ್ನು ಬರಿ 'ಊರ ಜನ' ಎಂದು ನಿಲ್ಲಿಸಿದರೆ ಕೈ ಎಲ್ಲಿಡಬೇಕೆಂದು ಗೊತ್ತಾಗದೆ ಒದ್ದಾಡುತ್ತಾರೆ. ಉದ್ಯೋಗ ಕೊಡಿ. ಹೆಣದ ಮುಂದೆ ರಾತ್ರಿಯಿಡೀ ಕೂತು ಹಾಡುವ ಭಜನೆ ಮೇಳವನ್ನೇ ತನ್ನಿ: ಹಾರ್ಮೋನಿಯಂ ಒಂದು, ತಬಲಾ ಒಂದು, ದಮಡಿ ಒಂದು, ತಾಳದವರು ಇಬ್ಬರು, ಎತ್ತಿಕೊಳ್ಳುವವರು ಇಬ್ಬರು. ಅಣ್ಣನ ಹೆಣದ ಮುಂದೆ ಹಾಡಿ ಗಂಟಲು ಕಟ್ಟಿದೆ. ತಮ್ಮನ ಹೆಣದ ಮುಂದೆ ಹಾಡಕೂಡದು ಎಂದು ಅಪ್ಪಣೆಯಾಗಿದೆ. ಮೇಳ ಯಾರ ಪರ ಎಂಬ ತೊಳಲಾಟ ಈಗ ಮಾತಿಲ್ಲದೆಯೇ ಕಾಣುತ್ತದೆ. ಹಾರ್ಮೋನಿಯಂ ಮುಚ್ಚಿದ್ದರೆ ಹೆದರಿಕೆ, ಬೆರಳು ಅದರ ಮೇಲೆ ಆಡುತ್ತಿದ್ದರೆ ಅನುಮಾನ.

ಗ್ರೀಕ್ ಮೇಳಗೀತೆ ಎರಡೆರಡು ಚರಣಗಳ ಜೋಡಿ. ಒಂದರ ಅಳತೆಗೆ ಸರಿಯಾಗಿ ಇನ್ನೊಂದು ಎದುರು ನಿಲ್ಲುತ್ತದೆ. ಹೇಳಿಕೊಡುವವರು, ಎತ್ತಿಕೊಳ್ಳುವವರು ಎಂದು ಸೋಬಾನೆಯಲ್ಲೂ ಭಜನೆಯಲ್ಲೂ ನಮಗೆ ಈ ಕ್ರಮ ಇದೆ. ತತ್ತ್ವಪದದ ಧಾಟಿಯಲ್ಲಿ ಹೊಸ ಪದ ಕಟ್ಟಿ. ಸಿದ್ಧ ವಚನಗಳನ್ನು ತಂದು ತುಂಬಬೇಡಿ. ವಚನ ಕೇಳಿದ ಕೂಡಲೇ ಪ್ರೇಕ್ಷಕ ಪ್ರವಚನಕ್ಕೆ ಕೂತವನಂತೆ ಕೈಕಟ್ಟಿಕೊಳ್ಳುತ್ತಾನೆ. ಒಂದು ಹಾಡಿಗೆ ಮೂರು ನಿಮಿಷ ಮಿತಿ.

ಮೊದಲ ದೊಡ್ಡ ಹಾಡು ಮನುಷ್ಯನ ಮೇಲಿನದು. ಕಡಲು ದಾಟಿದ, ನೆಲ ಉತ್ತ, ಹಕ್ಕಿಗೆ ಬಲೆ ಬೀಸಿದ, ಸಾವಿಗೆ ಮಾತ್ರ ದಾರಿ ಕಾಣದ ಮನುಷ್ಯ. ನೀರಿನ ಕಥೆಗೆ ಇದು ಹೇಳಿ ಮಾಡಿಸಿದಂತಿದೆ: ಗುಡ್ಡ ಕಡಿದ, ಹೊಳೆಗೆ ಅಡ್ಡ ಕಟ್ಟಿದ, ನೀರನ್ನು ದನದಂತೆ ಹಗ್ಗ ಹಿಡಿದು ಊರೂರು ನಡೆಸಿದ. ಗ್ರೀಕಿನಲ್ಲಿ ಮನುಷ್ಯನಿಗೆ ಬಳಸಿದ ವಿಶೇಷಣ 'ದೈನೋಸ್'. ಅದರಲ್ಲಿ ಬೆರಗೂ ಇದೆ, ಭಯವೂ ಇದೆ. 'ಅದ್ಭುತ' ಎಂದರೆ ಭಯ ಹೋಗುತ್ತದೆ, 'ಭಯಂಕರ' ಎಂದರೆ ಬೆರಗು ಹೋಗುತ್ತದೆ. ಆಡುಮಾತಿನಲ್ಲಿ ಎರಡನ್ನೂ ಹೊರುವ ಪದ ಒಂದಿದೆ, 'ಐನಾತಿ'. "ಐನಾತಿ ಮನುಷ್ಯ ಕಣೋ" ಎಂಬಲ್ಲಿ ಹೊಗಳಿಕೆ ಎಷ್ಟು, ಎಚ್ಚರಿಕೆ ಎಷ್ಟು ಎಂದು ಬಿಡಿಸಲಾಗದು. ತಾಲೀಮಿನಲ್ಲಿ ನಗು ಬರುತ್ತದೆ. ಗಂಭೀರ ರಾಗದಲ್ಲಿ ನಾಲ್ಕು ಸಲ ಹಾಡಿದ ಮೇಲೆ ಬರುವುದಿಲ್ಲ.

ಅಂತಿಗೊನೆಯನ್ನು ಒಯ್ದ ಮೇಲಿನ ಹಾಡಿನಲ್ಲಿ ಡಾನಾಯೆ, ಲೈಕರ್ಗಸ್ ಎಂದು ಹಿಂದೆ ಸೆರೆಯಾದವರ ಹೆಸರು ಬರುತ್ತವೆ. ಇವನ್ನು ಉಳಿಸಿದರೆ ಯಾರಿಗೂ ಏನೂ ಆಗದು. ಕೆರೆಗೆ ಹಾರವಾದ ಭಾಗೀರಥಿಯನ್ನು ನೆನೆಯಲಿ. ನೀರಿಗಾಗಿ ಕೆರೆಯೊಳಗೆ ಮುಳುಗಿದ ಹೆಣ್ಣು ಈ ನೆಲಕ್ಕೆ ಹೊಸಬಳಲ್ಲ.

ಸಾವನ್ನು ರಂಗಕ್ಕೆ ತರದಿರಿ

ಮೂಲದಲ್ಲಿ ಸಾವುಗಳೆಲ್ಲ ಹೊರಗೆ ನಡೆದು, ದೂತನ ಬಾಯಲ್ಲಿ ಬರುತ್ತವೆ. ತೂಬಿನ ಮೇಲಿನ ಬಡಿದಾಟವನ್ನು ತೋರಿಸುವ ಆಸೆ ಎಲ್ಲ ನಿರ್ದೇಶಕರಿಗೂ ಬರುತ್ತದೆ. ಕೋಲು, ಕೆಂಪು ಬಣ್ಣ, ಸ್ಟ್ರೋಬ್ ಲೈಟು, ಮತ್ತು ಗೋಣಿಚೀಲದಂತೆ ಬೀಳುವ ನಟ. ನಗು ಖಂಡಿತ. ದೂತನಿಗೆ ನಾಲ್ಕು ನಿಮಿಷ ಕೊಡಿ, ಅವನು ಕ್ರಿಯೋನನ ಹೆಂಡತಿಗೇ ಹೇಳಲಿ, ನಟನಿಗೆ ಕೈ ಸನ್ನೆ ಬೇಡ. ಪೂರ್ತಿ ಕೇಳಿ ಆಕೆ ಮಾತಿಲ್ಲದೆ ಒಳಗೆ ಹೋಗುವುದು ಮೂಲದಲ್ಲಿದೆ. ಅದಕ್ಕೆ ಹಿನ್ನೆಲೆ ಸಂಗೀತ ಸೇರಿಸಿದರೆ ಕೆಡಿಸಿದಂತೆ.

ಜನ ಕಡಿಮೆಯೇ? ಗ್ರೀಕರಲ್ಲಿ ಎಲ್ಲ ಪಾತ್ರಗಳಿಗೂ ಮೂವರೇ ನಟರು. ಅಂತಿಗೊನೆ, ಹೈಮನ್, ಟೈರೀಸಿಯಸ್ ಒಟ್ಟಿಗೆ ರಂಗದ ಮೇಲೆ ಇರುವುದೇ ಇಲ್ಲ, ಆದ್ದರಿಂದ ಒಬ್ಬಳೇ ಮೂರನ್ನೂ ಮಾಡಬಹುದು. ಮಾವನನ್ನು ಎದುರಿಸುವವರೆಲ್ಲ ಒಂದೇ ದನಿಯವರು ಎಂಬುದು ಆಗ ತಾನಾಗಿ ಕೇಳಿಸುತ್ತದೆ. ಇಕ್ಕಟ್ಟಾಗುವುದು ಹೈಮನ್ ಹೋಗಿ ಅಂತಿಗೊನೆ ಬರುವ ನಡುವೆ; ಅಲ್ಲಿರುವ ಮೇಳದ ಪದ್ಯ ಮೂಲದಲ್ಲಿ ಸುಮಾರು 25 ಸಾಲು ಮಾತ್ರ. ಹೈಮನ್‌ಗೆ ಸೀರೆಯ ಮೇಲೆ ಬಿದ್ದ ಒಂದು ಶಲ್ಯ, ರುಮಾಲು ಸಾಕು. ಪ್ಯಾಂಟು ತೊಡಿಸಿದರೆ ಸಮಯ ಸಾಲದು.

ಇಬ್ಬರೇ ಇದ್ದರೂ ದಾರಿಯಿದೆ. 1973ರಲ್ಲಿ ಕೇಪ್‌ಟೌನಿನಲ್ಲಿ ಅಥೋಲ್ ಫುಗಾರ್ಡ್, ಜಾನ್ ಕಾನಿ, ವಿನ್‌ಸ್ಟನ್ ಎನ್‌ಷೋನಾ ಕಟ್ಟಿದ 'ದ ಐಲೆಂಡ್'ನಲ್ಲಿ ಇಬ್ಬರು ಕೈದಿಗಳು ಜೈಲಿನ ಮನರಂಜನೆಗೆಂದು 'ಅಂತಿಗೊನೆ'ಯ ತೀರ್ಪಿನ ದೃಶ್ಯ ತಾಲೀಮು ಮಾಡುತ್ತಾರೆ. ಹೆಣ್ಣುವೇಷಕ್ಕೆ ನಾಚುವ ಕೈದಿಯೇ ಕೊನೆಗೆ ಆ ಮಾತನ್ನು ತನ್ನದಾಗಿ ಆಡುತ್ತಾನೆ. ರಾಬೆನ್ ದ್ವೀಪದ ನಿಜವಾದ ಜೈಲಿನಲ್ಲಿ ಕೈದಿಗಳು ಈ ನಾಟಕ ಆಡಿದಾಗ ಕ್ರಿಯೋನನ ಪಾತ್ರ ಮಾಡಿದ್ದು ನೆಲ್ಸನ್ ಮಂಡೇಲಾ.

ಒಬ್ಬಳೇ ನಟಿ ಇದ್ದರೆ ರೋಮಿನ ಓವಿಡ್‌ನ ಕಡೆ ನೋಡಿ. ಪುರಾಣದ ಹೆಂಗಸರು ಬಿಟ್ಟುಹೋದ ಗಂಡಸರಿಗೆ ಬರೆಯುವ ಪದ್ಯಪತ್ರಗಳು ಅವನವು. ಮೈಕೇಲ್ ಮಧುಸೂದನ ದತ್ತ 1862ರ 'ವೀರಾಂಗನಾ ಕಾವ್ಯ'ದಲ್ಲಿ ಆ ಪತ್ರಗಳನ್ನು ನಮ್ಮ ಪುರಾಣದ ಹೆಂಗಸರ ಕೈಯಲ್ಲಿ ಬರೆಸಿದ. ಚಿತ್ರದುರ್ಗದಲ್ಲಿ ಇದಕ್ಕೆ ಬೆಟ್ಟವೇ ಸಿದ್ಧವಾಗಿದೆ. ದೊಡ್ಡ ಕರೆ ಬಂತೆಂದು ಡೈಡೋವನ್ನು ಬಿಟ್ಟು ಹಡಗು ಹತ್ತಿದ ಈನಿಯಸ್‌ನ ಜಾಗದಲ್ಲಿ ಭೀಮ, ಅವಳ ಜಾಗದಲ್ಲಿ ಹಿಡಿಂಬೆ. ಹಿಡಿಂಬೇಶ್ವರನ ಗುಡಿ ಕಾಣುವಂತೆ ಕೂತು ಬರೆದ ಹತ್ತು ನಿಮಿಷದ ಒಂದು ಪತ್ರ. ಖರ್ಚು ಒಂದು ಕಂದೀಲು.

ಕೋಟೆಯ ಹೆಂಗಸರು

ದುರ್ಗದ ತಂಡಗಳಿಗೆ ಅಥೆನ್ಸಿನ ಇನ್ನೊಬ್ಬ ನಾಟಕಕಾರ ಯೂರಿಪಿಡೀಸನ 'ಟ್ರಾಯ್‌ನ ಹೆಂಗಸರು', ಗ್ರೀಕರಿಗೆ ಸೋತ ಊರಿನಲ್ಲಿ ಸೆರೆಸಿಕ್ಕ ಹೆಂಗಸರ ನಾಟಕ, ಕೈಬೀಸಿ ಕರೆಯುತ್ತದೆ. 1779ರಲ್ಲಿ ಹೈದರಾಲಿ ಕೋಟೆ ಹಿಡಿದ, ಮದಕರಿ ನಾಯಕ ಸೆರೆಯಾದ, ಸಾವಿರಾರು ಬೇಡ ಕುಟುಂಬಗಳನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಓಬವ್ವನ ಕಥೆ ಎಲ್ಲರೂ ಆಡುತ್ತಾರೆ. ಕೋಟೆ ಬಿದ್ದ ಮರುದಿನ ಅಕ್ಕತಂಗಿ ಹೊಂಡದ ಮೆಟ್ಟಿಲ ಮೇಲೆ ಕೂತು, ತಮ್ಮನ್ನು ಎಲ್ಲಿಗೆ ಒಯ್ಯುತ್ತಾರೋ ಎಂದು ಕಾಯುವ ಹೆಂಗಸರ ನಾಟಕವನ್ನು ಬರೆಯಬೇಕಿದೆ.

ಆದರೆ ಅಪಾಯವೂ ಇಲ್ಲೇ ಇದೆ. ಯೂರಿಪಿಡೀಸ್ ಟ್ರಾಯ್‌ನವನಲ್ಲ, ಗೆದ್ದವರ ಕಡೆಯವನು. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೆಲೋಸ್ ದ್ವೀಪದ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿದರು. ಮರುವರ್ಷವೇ ಅದೇ ಅಥೆನ್ಸಿನ ಪ್ರೇಕ್ಷಕರ ಮುಂದೆ ಈ ನಾಟಕ ಬಂತು. ನೈಜೀರಿಯಾದ ಫೆಮಿ ಒಸೊಫಿಸಾನ್ 2004ರ 'ವಿಮೆನ್ ಆಫ್ ಒವು'ನಲ್ಲಿ ಇದೇ ಕಟ್ಟನ್ನು ಒವು ನಗರದ ಪತನಕ್ಕೆ ಇಟ್ಟ. ಮುತ್ತಿದವರು ಬಿಳಿಯರಲ್ಲ, ಅಕ್ಕಪಕ್ಕದ ಯೊರುಬಾ ರಾಜ್ಯದವರೇ. ದುರ್ಗದ ನಾಟಕ "ನಮ್ಮವರು ಒಳ್ಳೆಯವರು, ಆ ಮತದವರು ಕೆಟ್ಟವರು" ಎಂದು ಮುಗಿದರೆ ಚಪ್ಪಾಳೆಯೂ ಬೀಳುತ್ತದೆ, ಯೂರಿಪಿಡೀಸನೂ ಬೀಳುತ್ತಾನೆ. ತಡೆಯುವ ಉಪಾಯ ಸರಳ: ಬೇರೆ ಪಾಳೆಯಗಾರರ ಮೇಲೆ ದುರ್ಗದವರು ಗೆದ್ದ ಯುದ್ಧದಲ್ಲಿ ಸೆರೆಸಿಕ್ಕಿ ಬಂದ ಒಬ್ಬ ಮುದುಕಿಯನ್ನು ಮೇಳದಲ್ಲಿ ಕೂರಿಸಿ. ಈ ಹೆಂಗಸರು ಈಗ ಅಳುವುದನ್ನು ಅವಳು ಆಗಲೇ ಅತ್ತಿದ್ದಾಳೆ. ಅವಳಿಗೆ ಎಂಟು ಹತ್ತು ಮಾತು ಸಾಕು.

ಪರವಾನಗಿ, ದಿನ, ಗಾಳಿ

ಸೋಫೋಕ್ಲೀಸನಿಗೆ ಯಾರ ಅಪ್ಪಣೆಯೂ ಬೇಡ, ಅನುವಾದಕರಿಗೆ ಬೇಕು. ನಮ್ಮ ಕಾಯ್ದೆಯಲ್ಲಿ ಹಕ್ಕು ಲೇಖಕರು ತೀರಿಕೊಂಡ ಮೇಲೆ 60 ವರ್ಷ ಇರುತ್ತದೆ. ಬಿ.ಎಂ.ಶ್ರೀ ತೀರಿಕೊಂಡದ್ದು 1946ರಲ್ಲಿ, ಅವರ ನಾಟಕಗಳು ಈಗ ಮುಕ್ತ. 'ದೊರೆ ಈಡಿಪಸ್', 'ಅಂತಿಗೊನೆ' ಅನುವಾದಿಸಿದ ಪಿ. ಲಂಕೇಶ್ ತೀರಿಕೊಂಡದ್ದು 2000ದಲ್ಲಿ, ಅವರ ಪಠ್ಯವನ್ನು ಎತ್ತಿಕೊಂಡು ತಿದ್ದುವುದಾದರೆ ಹಕ್ಕುದಾರರ ಒಪ್ಪಿಗೆ ಪಡೆಯಲೇಬೇಕು. ಟಿಕೆಟ್ಟಿಲ್ಲದ ಹವ್ಯಾಸಿ ಪ್ರದರ್ಶನಕ್ಕೆ ಕಾಯ್ದೆಯಲ್ಲಿ ಸ್ವಲ್ಪ ಸಡಿಲವಿದೆ. ಪಠ್ಯ ಬದಲಿಸಲು ಆ ಸಡಿಲ ಅನ್ವಯಿಸದು. ಕನಿಷ್ಠ ಎರಡು ಅನುವಾದ ಎದುರುಬದುರು ಇಟ್ಟು ಓದಿ, ಪುಸ್ತಕ ಮುಚ್ಚಿ, ನಿಮ್ಮ ಮಾತಿನಲ್ಲಿ ಬರೆಯುವುದೇ ಒಳ್ಳೆಯದು.

ಮೂಲ 1353 ಸಾಲು. ಒಂದನ್ನೂ ಬಿಡದೆ, ಹಾಡೂ ಸೇರಿ ಆಡಿದರೆ ಎರಡು ಗಂಟೆ ದಾಟೀತು. ವಂಶಾವಳಿ, ಥೀಬ್ಸಿನ ಏಳು ಬಾಗಿಲು, ದೇವತೆಗಳ ಸ್ತುತಿ ತೆಗೆದು ಮೂರನೇ ಒಂದು ಭಾಗ ಇಳಿಸಿ. ಕ್ರಿಯೋನ್ ಮತ್ತು ಹೈಮನ್ ನಡುವಿನ ಅಪ್ಪಮಗನ ವಾದದಲ್ಲಿ ಮಾತ್ರ ಕತ್ತರಿ ಆಡಿಸಬೇಡಿ. ಗೌರವದಿಂದ ಶುರುವಾದ ಮಾತು ಒಂದೊಂದೇ ಮೆಟ್ಟಿಲು ಇಳಿದು ಬೈಗುಳಕ್ಕೆ ಬರುವುದರಲ್ಲೇ ಅದರ ಜೀವ.

ಬಯಲಲ್ಲಿ ಆಡುವುದಾದರೆ ನವೆಂಬರಿನಿಂದ ಫೆಬ್ರವರಿ. ಮುಂಗಾರಿನ ತಿಂಗಳುಗಳಲ್ಲಿ ಚಿತ್ರದುರ್ಗದ ಗಾಳಿ ಗಿರಣಿ ರೆಕ್ಕೆ ತಿರುಗಿಸುವಂಥದ್ದು. ಕಾಲರ್ ಮೈಕಿನಲ್ಲಿ ಸಂಭಾಷಣೆ ಹೋಗಿ ಬರೀ ಗಾಳಿ ಕೇಳುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದಂಥ ಮೆಟ್ಟಿಲು ಸುತ್ತಿದ ಜಾಗ ಸಿಕ್ಕರೆ ಅದಕ್ಕಿಂತ ಹೊಂದುವುದು ಇನ್ನೊಂದಿಲ್ಲ. ದುರ್ಗದ ಕೋಟೆ ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕ, ಮುಂಗಡ ಅನುಮತಿ ಇಲ್ಲದೆ ಒಂದು ದೀಪವನ್ನೂ ಕಟ್ಟುವಂತಿಲ್ಲ. ರಾತ್ರಿ 10ರ ನಂತರ ಬಯಲಲ್ಲಿ ಧ್ವನಿವರ್ಧಕ ನಿಷಿದ್ಧ, ಆದ್ದರಿಂದ ಏಳೂವರೆಗೆ ಶುರು ಎಂದು ಹಾಕಿ. ಅತಿಥಿಗಳ ಭಾಷಣ ಇದ್ದರೆ ಅದನ್ನು ನಾಟಕದ ಹಿಂದಿನ ದಿನಕ್ಕೆ ಇಡಿ.

ಇನ್ನು ಮಣ್ಣು. ಮೂಲದಲ್ಲಿ ಅಂತಿಗೊನೆ ಮೊದಲು ಒಣ ಧೂಳು ಉದುರಿಸುತ್ತಾಳೆ, ಎರಡನೇ ಸಲ ಕಂಚಿನ ಪಾತ್ರೆಯಿಂದ ಮೂರು ಸಲ ಎರೆಯುತ್ತಾಳೆ. ನಮ್ಮಲ್ಲಿ ಮೂರು ಹಿಡಿ ಮಣ್ಣು, ಒಂದು ಹಿತ್ತಾಳೆ ಚೊಂಬು. ಕೆಮ್ಮಣ್ಣು ಬೇಡ, ಬೆಳಕಿನಡಿ ಕುಂಕುಮದಂತೆ ಕಾಣುತ್ತದೆ. ಕೆರೆಯ ಗೋಡುಮಣ್ಣನ್ನು ಒಣಗಿಸಿ, ಕುಟ್ಟಿ, ಹಿಟ್ಟಿನ ಜರಡಿಯಲ್ಲಿ ಸೋಸಿ. ತೀರಾ ನುಣ್ಣಗಾದರೆ ನಟಿಗೆ ಕೆಮ್ಮು ಹಿಡಿಯುತ್ತದೆ, ಅದಕ್ಕೆ ಮೂರರಲ್ಲಿ ಒಂದು ಪಾಲು ಸಣ್ಣ ಮರಳು ಬೆರೆಸಿ. ಬೆಳಕು ಪಕ್ಕದಿಂದ, ಸೊಂಟದೆತ್ತರದಿಂದ ಬರಲಿ. ಎದುರಿನಿಂದ ಬಂದರೆ ಧೂಳು ಕಾಣಿಸುವುದೇ ಇಲ್ಲ. ಹೆಣದ ಕೆಳಗೆ ಒದ್ದೆ ಗೋಣಿತಟ್ಟು ಹಾಸಿದ್ದರೆ ಬಿದ್ದ ಮಣ್ಣು ಹಾರದು, ಚೊಂಬಿನ ನೀರೂ ಹರಿಯದು. ತಾಲೀಮಿನ ಮೊದಲ ದಿನದಿಂದಲೇ ನಿಜವಾದ ಮಣ್ಣಿನಲ್ಲಿ ಅಭ್ಯಾಸ ಮಾಡಿಸಿ. ಬರಿಗೈಯಲ್ಲಿ ಕಲಿತವರು ಪ್ರದರ್ಶನದ ದಿನ ಹಿಡಿ ತುಂಬ ತೆಗೆದು ಬೊಗಸೆಯಂತೆ ಸುರಿದುಬಿಡುತ್ತಾರೆ. ಬೆರಳ ಸಂದಿಯಿಂದ ಜಾರಬೇಕು, ಒಂದು ಹಿಡಿಗೆ ಐದು ಎಣಿಸುವಷ್ಟು ಹೊತ್ತು.